ಉರಿಯೂತ ಇಳಿದ ಮೇಲೆ

ಇಜೇರಿ
೧೧ ಫೆಬ್ರವರಿ ೨೦೨೫

ಮಗಳೇ ಸುಮಂಗಲಾ,

ನಿನಗೂ ನಿನ್ನ ಹೊಟ್ಟೆಯೊಳಗಿನ ಕೂಸಿಗೂ ಅವ್ವನ ಆಶೀರ್ವಾದ. ಆಳಂದದಿಂದ ನೀನು ಮಾಡಿದ ಫೋನ್ ಒಂದನ್ನೂ ನಾನು ಎತ್ತಲಿಲ್ಲ. ಸಿಟ್ಟಾಗಿರುತ್ತೀ. ಆಗು, ನಿನ್ನ ಸಿಟ್ಟು ನನಗೇನು ಹೊಸದೇ? ಆದರೆ ಈ ಕಾಗದವನ್ನು ಪೂರ್ತಿ ಓದು.

ಮೊದಲು ನಿನ್ನ ತಮ್ಮನ ಸುದ್ದಿ. ಕಲಬುರಗಿಯ ಡಾಕ್ಟರು ಕಲ್ಲಿನಾಥನ ರಕ್ತ ಪರೀಕ್ಷೆ ಮಾಡಿಸಿದ್ದು ನಿನಗೆ ಗೊತ್ತು. ಸ್ಕಿಜೋಫ್ರೇನಿಯಾ ಇರುವ ಕೆಲವರ ಮೈಯಲ್ಲಿ ಉರಿಯೂತ ಹೆಚ್ಚಿರುತ್ತದಂತೆ. ಇವನಿಗೂ ಇತ್ತು. ಅವನಿಗೆ ಕೇಳುವ ದನಿಗಳಿಗೆಂದು ಕೊಡುತ್ತಿದ್ದ ಹಳೆಯ ಗುಳಿಗೆಯ ಜೊತೆಗೆ ಉರಿಯೂತ ಇಳಿಸುವ ಗುಳಿಗೆಯನ್ನೂ ಕೊಟ್ಟರು. "ಕೆಲವರಿಗೆ ಗುಣ ಕಾಣ್ತದ, ಎಲ್ಲಾರಿಗೂ ಅಲ್ರಿ" ಅಂದಿದ್ದರು. ನನ್ನ ಕಿವಿಗೆ ಮೊದಲಿನ ಅರ್ಧವೇ ಬಿತ್ತು.

ಸಂಕ್ರಾಂತಿ ಮುಗಿದ ಮೇಲೆ ಮತ್ತೆ ರಕ್ತ ನೋಡಿದರು. ಉರಿಯೂತ ಪೂರಾ ಇಳಿದಿದೆ ಅಂದರು. ಮುಂದಿನ ಮಾತು ಕೇಳಲು ನಾನು ಅಲ್ಲಿದ್ದರಲ್ಲವೇ! ಜೇವರ್ಗಿಯಲ್ಲಿ ಬಸ್ಸಿಳಿದು ಬೆಲ್ಲ ಕೊಂಡೆ, ಮನೆಗೆ ಬಂದವಳೇ ಮಾದಲಿ ಮಾಡಿ ಓಣಿಗೆಲ್ಲ ಹಂಚಿದೆ. ಪಕ್ಕದ ಮನೆಯ ಪ್ಯಾರಿಬಿ ನಮ್ಮ ಕಟ್ಟೆಯ ಮೇಲೆ ಕೂತು ತಿನ್ನುತ್ತ, "ಹುಡುಗ ಆರಾಮಾದ್ನ ಗುರಮ್ಮಕ್ಕ? ಅಲ್ಲಾನ ಮೆಹರ್ಬಾನಿ" ಅಂದಳು. ಒಳಗಿನಿಂದ ಕಲ್ಲಿನಾಥ ಬಂದ. ಕಿವಿಗೆ ಹತ್ತಿ ತುರುಕಿಕೊಂಡಿದ್ದ. "ಯಾಕ ಹಂಚಾಕತ್ತಿ ಅವ್ವಾ? ಅವರು ಇನ್ನೂ ಮಾತಾಡಾಕತ್ತಾರ" ಅಂದ. ಪ್ಯಾರಿಬಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ನಾನು ಖಾಲಿ ಬುಟ್ಟಿ ಹಿಡಿದು ಒಳಗೆ ಹೋದೆ.

ಮತ್ತೆ ಡಾಕ್ಟರ ಹತ್ತಿರ ಹೋದೆ, ಜಗಳಕ್ಕೇ ಹೋದೆ ಅನ್ನು. "ಉರಿಯೂತ ಇಳಿದ್ರ ದನಿ ನಿಲ್ಲಬೇಕಲ್ರಿ?" ಅಂತ ಕೇಳಿದೆ. "ಎರಡಕ್ಕೂ ನಂಟದ ಅಂತ ಕಾಣ್ತದರಿ ಅವ್ವಾ. ಎಂಥಾ ನಂಟು ಅಂತ ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲ" ಅಂದರು ಪಾಪ. ಹೊಸ ಗುಳಿಗೆ ನಿಲ್ಲಿಸಿದರು, ಹಳೆಯದು ನಡೆದಿದೆ. ಇನ್ನು ನನಗೆ ಆಸೆ ಉಳಿದಿಲ್ಲ ಮಗಳೇ. ಹೀಗೆಂದು ಬೇರೆ ಯಾರ ಮುಂದೆಯೂ ಹೇಳಿಲ್ಲ.

ಈಗ ನಿನ್ನ ಮಾತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಕರೆಯಲು ನಾನೇ ಬರಬೇಕು. ಬರುವುದಿಲ್ಲ. ನೀನೂ ಬರಬೇಡ. ಅಫಜಲಪುರದ ನಿನ್ನ ಚಿಕ್ಕಮ್ಮ ಜಯಮಾಲಾ ಆಳಂದಕ್ಕೇ ಬಂದು ಬಾಣಂತನ ಮಾಡುತ್ತಾಳೆ. ಅಂಟಿನ ಉಂಡೆ ಅವಳ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಅತ್ತೆ ಕೇಳಿದರೆ ಬಿಸಿಲು ಜೋರು, ಇಜೇರಿಯಿಂದ ದೊಡ್ಡ ದವಾಖಾನೆ ದೂರ ಅನ್ನು.

ಸುಖವಾಗಿ ಹೆತ್ತು ಎದ್ದು ಓಡಾಡುವಂತಾಗು. ಬಸವಣ್ಣ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅವ್ವ,
ಗುರಮ್ಮ

ತಾ.ಕ.: ಬಿಸಿಲಿನ ಮಾತು ನಿನ್ನ ಅತ್ತೆಗೆ. ನಿನಗೆ ನಿಜ ಹೇಳುತ್ತೇನೆ. ಕಲ್ಲಿನಾಥನಿಗೆ ಕೇಳುವ ದನಿಗಳಲ್ಲಿ ಅವನಿಗೆ 'ನೀ ಸಾಯಿ' ಅನ್ನುವ ದನಿ ನಿನ್ನದಂತೆ. ಫೋನಿನಲ್ಲೂ ನಿನ್ನ ದನಿ ಅವನ ಕಿವಿಗೆ ಬೀಳದಿರಲಿ ಅಂತಲೇ ಎತ್ತಲಿಲ್ಲ. ನಿನ್ನ ಕೂಸಿಗೆಂದು ಅವನೇ ಜೇವರ್ಗಿಯಿಂದ ತಲೆಗೆ ಕಟ್ಟುವ ಕೆಂಪು ಕುಂಚಿಗೆ ತಂದಿಟ್ಟಿದ್ದ. ಮೊನ್ನೆ ಅದನ್ನು ನನ್ನ ಕೈಗಿಟ್ಟು, "ಅಕ್ಕ ಹಂಗ ಅನ್ನಾಕಿ ಅಲ್ಲ, ನನಗ ಗೊತ್ತದ. ಆದ್ರ ಆಕಿ ಇಲ್ಲಿ ಬಂದು ಮಾತಾಡಿದ್ರ ಯಾವ ಮಾತು ಖರೇ ಅಕ್ಕಂದು ಅಂತ ನನಗ ತಿಳಿಯಂಗಿಲ್ಲ. ಬರಬ್ಯಾಡ ಅಂತ ಬರಿ ಅವ್ವಾ. ನಾ ಹೇಳ್ದೆ ಅಂತ ಮಾತ್ರ ಬರೀಬ್ಯಾಡ" ಅಂದ. ಬರೆದುಬಿಟ್ಟೆ. ಕುಂಚಿಗೆಯನ್ನು ಜಯಮಾಲಾ ತರುತ್ತಾಳೆ.