ಅನಾಟಮಿ ಪುಸ್ತಕದಲ್ಲಿದ್ದ ಫಾರ್ಮು

ಲೇಡೀಸ್ ಹಾಸ್ಟೆಲ್,
೯-೨-೧೯೮೮

ಪ್ರೀತಿಯ ಅವ್ವನಿಗೆ,

ಈ ಸಲ ಪುಟಗಳ ಜೊತೆ ನೀನು ಕೇಳದ ಪತ್ರವನ್ನೂ ಬರೆಯುತ್ತಿದ್ದೇನೆ, ಕ್ಷಮಿಸು. ಐನಾಪುರದ ಆಸ್ಪತ್ರೆಯಲ್ಲಿ ನೀನೊಬ್ಬಳೇ ಡಾಕ್ಟರು, ಪುರಸತ್ತಿಲ್ಲ ಎಂದು ಗೊತ್ತು. ಕನ್ನಡ ತಪ್ಪಿದ್ದರೆ ತಿದ್ದಿಕೊಂಡು ಓದು. ಒಂದನೇ ಇಯತ್ತೆಯಿಂದ ಹಾಸ್ಟೆಲಿನ ಇಂಗ್ಲಿಷಿನಲ್ಲೇ ಬೆಳೆದವಳು ನಾನು.

ನೀನು ಕೇಳಿದ್ದ ಜರ್ನಲ್ ಪುಟಗಳನ್ನು ಎಂದಿನಂತೆ ಲೈಬ್ರರಿಯಲ್ಲಿ ಕೂತು ಕೈಯಲ್ಲಿ ನಕಲು ಮಾಡಿ ಇದರೊಳಗೆ ಇಟ್ಟಿದ್ದೇನೆ. ಜೊತೆಗೆ ಒಂದು ಫಾರ್ಮ್ ಇದೆ. ನಮ್ಮ ಕಾಲೇಜಿನ ಇಂಟರ್ನ್‌ಗಳಿಗೆ ಹೊರಗಿನ ಆಸ್ಪತ್ರೆಗಳಲ್ಲಿ ಕಲಿಸುವ ನಿನ್ನಂಥ ಡಾಕ್ಟರುಗಳಿಗೂ ಇನ್ನು ಲೈಬ್ರರಿ ಕಾರ್ಡ್ ಕೊಡುತ್ತಾರಂತೆ. ಪುಸ್ತಕ, ಜರ್ನಲ್ ಟಪಾಲಿನಲ್ಲೇ ಬರುತ್ತವೆ. ಲೈಬ್ರರಿಯ ಜಕ್ಕಪ್ಪ ಸರ್ ಫಾರ್ಮ್ ಕೈಗಿಟ್ಟು, "ಇವತ್ತ ನಿಮ್ಮವ್ವಗ ಕಳಸವಾ. ಇನ್ನ ನಿನ್ನ ಬೆರಳಿಗೂ ಆರಾಮ" ಅಂದರು.

ಅದು ಹನ್ನೆರಡು ದಿನದ ಹಿಂದಿನ ಮಾತು. ಫಾರ್ಮು ನನ್ನ ಅನಾಟಮಿ ಪುಸ್ತಕದಲ್ಲಿತ್ತು. ಮರೆತದ್ದಲ್ಲ, ಇಟ್ಟುಕೊಂಡಿದ್ದೆ. ನಿನ್ನ ಪತ್ರಗಳಲ್ಲಿ ನನ್ನ ಹೆಸರಿನ ಕೆಳಗೆ ಬೇಕಾದ ಪುಟಗಳ ಪಟ್ಟಿಯಷ್ಟೇ ಇರುತ್ತದೆ. ಆದರೂ ತಿಂಗಳಿಗೆ ಎರಡು ಪತ್ರ ಬರುತ್ತವಲ್ಲ. ಕಾರ್ಡ್ ಆದ ಮೇಲೆ ಪಟ್ಟಿ ಜಕ್ಕಪ್ಪ ಸರ್‌ಗೆ ಹೋಗುತ್ತದೆ. ನನಗೆ ಏನು ಬರುತ್ತದೆ?

ನಿನ್ನೆ ನಿನ್ನ ಹತ್ತಿರ ಕಲಿಯುವ ಇಂಟರ್ನ್ ಮಹಾವೀರ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಸಿಕ್ಕ. ಎಲ್ಲರ ಮುಂದೆ, "ಏನಬೇ, ನೆಗಡಿ ಹ್ವಾತೇನ? ಮೇಡಂ ಕೇಳ್ಕೊಂಡ ಬಾ ಅಂದಾರ" ಅಂದ. ಹೋದ ಸಲ ಪುಟದ ಅಡಿಯಲ್ಲಿ ನೆಗಡಿಯಾಗಿದೆ ಎಂದು ಸಣ್ಣಗೆ ಬರೆದಿದ್ದೆ. ಇಂಟರ್ನ್‌ಗಳಿಗೆ ಆ ಪುಟ ಓದಿ ಹೇಳುತ್ತ ಅದನ್ನೂ ಓದಿಬಿಟ್ಟೆಯಂತೆ. ನೆಗಡಿ ಹೋಯಿತೇ ಎಂದು ನನಗೇ ಬರೆದು ಕೇಳಬಹುದಿತ್ತಲ್ಲ ಅವ್ವ.

ಅವನೇ ನಗುತ್ತ, "ಮೇಡಂ ತಾವು ಕಲಿತ ಹಳೇ ಪುಸ್ತಕಾ ಹಿಡ್ಕೊಂಡ ನಮಗ ಕಲಸಾಕತ್ತಾರ. ಅರ್ಧಾ ಪುಟಾ ಹುಳಾ ತಿಂದಾವ, ಆ ಜಾಗಾದಾಗ ನೀ ಬರದ ಹಾಳಿ ಹಚ್ಚ್ಯಾರ" ಅಂದ. ನನಗೆ ನಗು ಬರಲಿಲ್ಲ. ರೂಮಿಗೆ ಬಂದು ಅನಾಟಮಿ ಪುಸ್ತಕದಿಂದ ಫಾರ್ಮು ಹೊರಗೆ ತೆಗೆದೆ.

ಫಾರ್ಮಿಗೆ ಫೋಟೊ ಅಂಟಿಸು. ಇದೇ ಇಪ್ಪತ್ತನೇ ತಾರೀಖು, ಶನಿವಾರ, ಕೊನೆಯ ದಿನ. ಸಹಿಯನ್ನು ನೀನೇ ಬಂದು ಜಕ್ಕಪ್ಪ ಸರ್ ಎದುರಿಗೆ ಹಾಕಬೇಕು. ಅಂದು ಮಧ್ಯಾಹ್ನ ನನಗೆ ಕ್ಲಾಸಿಲ್ಲ. ಕೂಡಿ ಊಟ ಮಾಡಬಹುದು.

ನಿನ್ನ
ರಾಜಮತಿ

ತಾ.ಕ.: ಬಂದೇ ಸಹಿ ಹಾಕಬೇಕೆಂಬ ನಿಯಮವಿಲ್ಲ, ಅದು ನಾನು ಸೇರಿಸಿದ್ದು. ಟಪಾಲಿನಲ್ಲಿ ಕಳಿಸಿದರೂ ಕಾರ್ಡ್ ಆಗುತ್ತದೆ. ಆದರೂ ಐನಾಪುರದಿಂದ ಬಂದು ಶೇಡಬಾಳ ಸ್ಟೇಷನ್ನಿನಲ್ಲಿ ಯಾವ ಗಾಡಿ ಹತ್ತುತ್ತೀ ಎಂದು ಬೇಗ ಬರೆ.