ದಿಗಂತದ ಲೆಕ್ಕ

ಆಗಸ್ಟ್ 4, ಸೋಮವಾರ

ಎರಡು ಫಿಸಿಕ್ಸ್ ಕ್ಲಾಸ್. ಕಾರ್ನೋ ಎಂಜಿನ್ — ಹತ್ತನೇ ವರ್ಷ, ಅದೇ ಬೋರ್ಡು, ಅದೇ ಚಿತ್ರ. ಮುಗಿಯುವ ಹೊತ್ತಿಗೆ ಪದ್ಮಶ್ರೀ ಎದ್ದು ನಿಂತಳು. ಎರಡನೇ ಬೆಂಚಿನ ಹುಡುಗಿ, ಬಾಯಿ ತೆರೆಯುವುದೇ ಅಪರೂಪ. ಎಲ್ಲವನ್ನೂ ನುಂಗುವ ಬ್ಲಾಕ್ ಹೋಲ್‌ಗೂ ಬಿಸಿ ಅಂತ ಇರುತ್ತದೆಯೇ ಎಂದು ಕೇಳಿದಳು.

ಇದೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅದರ ಸುತ್ತ ದಾಟಿದರೆ ಹಿಂದಿರುಗಲಾಗದ ಒಂದು ಗಡಿಯಿದೆ, ಅದನ್ನು ದಿಗಂತ ಎನ್ನುತ್ತೇವೆ, ಆ ದಿಗಂತದ ವಿಸ್ತೀರ್ಣವೇ ಅದರ ಎಂಟ್ರೊಪಿಯ, ಅಂದರೆ ಅವ್ಯವಸ್ಥೆಯ, ಅಳತೆ ಎಂದೆ. ಹಿಗ್ಗುತ್ತಿರುವ ವಿಶ್ವಕ್ಕೂ ಹಾಗೊಂದು ದಿಗಂತ ಉಂಟು, ಅದಕ್ಕೂ ಉಷ್ಣತೆ ಉಂಟು ಎಂದೆ. ಗುರುತ್ವದ ನಿಯಮವನ್ನೇ ಚೂರು ಬದಲಿಸಿದರೆ ಏನಾದೀತು... ಯಾರೂ ಕೇಳಿರಲಿಲ್ಲ. ನಾನೇ ಶುರು ಮಾಡಿದ್ದೆ. ಬೆಲ್ ಆಯಿತು.

 ಈ ಮಾತುಗಳು ಬಾಯಿಗೆ ಬಂದು ಎಷ್ಟು ಕಾಲವಾಗಿತ್ತು.

ಸಂಜೆ ಕಂಪಲಾಪುರದ ಮನೆಗೆ ಬಂದವಳೇ ಅಟ್ಟದಿಂದ ಹಳೇ ಫೈಲ್ ಇಳಿಸಿದೆ. ಅವ್ವ ನೋಡಿತು, ಧೂಳು ಒರೆಸಲು ಬಟ್ಟೆ ಕೊಟ್ಟಿತು.

ಆಗಸ್ಟ್ 6, ಬುಧವಾರ

ಫೈಲಿನಲ್ಲಿ ಅರ್ಧ ಪುಟಗಳು ನಂಜುಂಡೇಶನ ಅಕ್ಷರ, ಅರ್ಧ ನನ್ನವು. ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿಗೆ ಇಬ್ಬರಿಗೂ ಒಬ್ಬರೇ ಗೈಡ್. ಐನ್‌ಸ್ಟೈನ್ ಹೇಳಿದ ಗುರುತ್ವ ನನ್ನ ಪಾಲು, ಬದಲಿಸಿದ ಗುರುತ್ವ ಅವನ ಪಾಲು. ಲೆಕ್ಕ ಮಾತ್ರ ಒಟ್ಟಿಗೇ. ಅವನು ಒಂದು ಪುಟ, ನಾನೊಂದು ಪುಟ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು, ಒಂದೇ ಪೆನ್ನಿನಲ್ಲಿ.

2013ರಲ್ಲಿ ಉತ್ತರ ಬಂತು. ಅವನ ಮಾದರಿಯಲ್ಲಿ ವಿಶ್ವದ ಒಟ್ಟು ಎಂಟ್ರೊಪಿ ಕಡಿಮೆಯಾಗುತ್ತಿತ್ತು. ಹಾಗಾಗಕೂಡದು. ಚೆಲ್ಲಿದ ಹಾಲು ತಾನಾಗಿ ಚೊಂಬಿಗೆ ಸೇರಿತು ಅಂದ ಹಾಗೆ. ಈ ಮಾದರಿ ಬಿಡಿ ಎಂದರು ಗೈಡ್. ಎರಡು ವರ್ಷದ ಕೆಲಸ. ಅವನು ಅದನ್ನು ಮಾತ್ರವಲ್ಲ, ಪಿಎಚ್‌ಡಿಯನ್ನೇ ಬಿಟ್ಟ. ಎಫ್‌ಡಿಎ ಪರೀಕ್ಷೆ ಬರೆದ. ಈಗ ಬೀಚನಹಳ್ಳಿಯಲ್ಲಿ, ಕಬಿನಿ ಡ್ಯಾಮ್ ಆಫೀಸಿನಲ್ಲಿ ಗುಮಾಸ್ತ. ಹೆಂಡತಿ, ಒಬ್ಬಳು ಮಗಳು. ಯುಗಾದಿಗೆ ಒಂದು ಮೆಸೇಜ್ ಬರುತ್ತದೆ.

ನಾನು ಡಾಕ್ಟರ್ ನೀಲಾಂಬಿಕೆ. ಅತಿಥಿ ಉಪನ್ಯಾಸಕಿ.

ಅವನ ಅಕ್ಷರದ ಮೇಲೆ ಬೆರಳಾಡಿಸಿದೆ. ಇದನ್ನು ಬರೆಯಬಾರದಿತ್ತು. ಇರಲಿ.

ಆಗಸ್ಟ್ 9, ಶನಿವಾರ

ಸುಮ್ಮನೆ ಮೊದಲಿನಿಂದ ಮಾಡಿ ನೋಡೋಣ ಎಂದು ಕೂತೆ. ಹದಿನೇಳನೇ ಪುಟದಲ್ಲಿ ಕೈ ನಿಂತಿತು.

ಬದಲಿಸಿದ ಗುರುತ್ವದಲ್ಲಿ ಬರೀ ವಿಸ್ತೀರ್ಣ ಸಾಲದು. ಅದನ್ನು ಇನ್ನೊಂದು ಪರಿಮಾಣದಿಂದ ಗುಣಿಸಬೇಕು. ವಿಶ್ವಕ್ಕೆ ವಯಸ್ಸಾದಂತೆ ಆ ಪರಿಮಾಣವೂ ಬದಲಾಗುತ್ತದೆ. ಹದಿನೇಳನೇ ಪುಟದಲ್ಲಿ ಅದು ಬದಲಾಗುವುದೇ ಇಲ್ಲ ಎಂಬಂತೆ ಹೊರಗೆಳೆದು ಬರೆಯಲಾಗಿದೆ. ಒಂದು ಟರ್ಮ್ ಪೂರ್ತಿ ಹೋಗಿದೆ.

ಸೇರಿಸಿದೆ. ಎಂಟ್ರೊಪಿ ಏರುತ್ತದೆ. ಎಲ್ಲ ಕಾಲಕ್ಕೂ. ಮೂರು ಸಲ ಮಾಡಿದೆ. ನಾಲ್ಕು.

ಮಾದರಿ ಸರಿಯಾಗಿತ್ತು. ಹದಿನೇಳನೇ ಪುಟ ನನ್ನ ಅಕ್ಷರ.

ಆಗಸ್ಟ್ 18, ಸೋಮವಾರ

ರಜೆ ಹಾಕಿ ಬೀಚನಹಳ್ಳಿಗೆ ಹೋಗಿಬಂದೆ. ಹುಣಸೂರು, ಎಚ್.ಡಿ. ಕೋಟೆ, ಅಲ್ಲಿಂದ ಇನ್ನೊಂದು ಬಸ್. ಡ್ಯಾಮ್ ತುಂಬಿ ಗೇಟ್ ತೆಗೆದಿದ್ದರು. ಆಫೀಸಿನ ಒಳಗೂ ನೀರಿನ ಸದ್ದು.

ನಂಜುಂಡೇಶನ ತಲೆ ಮುಂದೆ ನರೆತಿದೆ. ಕನ್ನಡಕ. ಎಲ್ಲರೆದುರು "ಬನ್ನಿ ಮೇಡಂ, ಕೂತ್ಕೊಳಿ" ಎಂದ. ಅಟೆಂಡರ್ ಅಂಕಯ್ಯನವರಿಗೆ ಟೀ ತರಲು ಹೇಳಿದ. ಹನ್ನೆರಡು ವರ್ಷದ ಮೇಲೆ ನೋಡುತ್ತಿದ್ದೇನೆ, ಅವನ ಬಾಯಲ್ಲಿ ನಾನು ಮೇಡಂ.

ಹೊರಗೆ ಹೊಂಗೆ ಮರದ ಕೆಳಗೆ ನಿಂತು ಎರಡೂ ಹಾಳೆ ಕೊಟ್ಟೆ, ಹಳೆಯದು ಮತ್ತು ತಿದ್ದಿದ್ದು. ಓದಿದ. ಬಹಳ ಹೊತ್ತು. ತುಟಿ ಆಡುತ್ತಿತ್ತು — ಆಗಲೂ ಹಾಗೇ, ಲೆಕ್ಕ ಮಾಡುವಾಗ.

"ಆ ಪುಟ ನಾನು ಬರ್ದಿದ್ದು" ಎಂದೆ.

"ಅಕ್ಷರ ನೋಡುದ್ರೆ ಗೊತ್ತಾಗಕಿಲ್ವಾ."

 ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಕ್ಷಮಿಸು ಎನ್ನಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತು ಬರಲೇ ಇಲ್ಲ. ಅವನು ನೀರಿನ ಕಡೆ ನೋಡುತ್ತಲೇ ಹೇಳಿದ:

"ನಮ್ಮಪ್ಪ ಸಾಯಗಂಟ ಕೇಳ್ತಿತ್ತು ಕಣೆ, ಯಾಕ್ಲಾ ಓದು ಬುಟ್ಟೆ ಅಂತ. ನಂಗೆ ತಲೆ ಸಾಲ್ದು ಅಂತ ಹೇಳ್ದೆ. ನಾನೂ ಅಂಗೇ ಅನ್ಕೊಂಡಿದ್ದೆ."

ಆಮೇಲೆ, ಕೆಲಸ ಇದೆ, ನಿನಗೂ ಬಸ್ಸಿಗೆ ಹೊತ್ತಾಗುತ್ತದೆ ಎಂದ. ಒಳಗೆ ಹೋದ.

ಟೀ ಹಾಗೇ ಉಳಿಯಿತು.

ಆಗಸ್ಟ್ 19

ಕ್ಲಾಸಿಗೆ ಹೋಗಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಅವನ ಫೋನ್ ಬಂತು. ಸ್ಟಾಫ್ ರೂಮಿನಲ್ಲಿದ್ದೆ, ಹೊರಗೆ ಓಡಿದೆ. ಹೇಗಿದ್ದೀಯ ಎಂದೂ ಕೇಳಲಿಲ್ಲ. ಇದನ್ನು ಬೇರೆ ಯಾರಾದರೂ ಮಾಡಿದ್ದಾರೆಯೇ ಎಂದ.

ಸುಳ್ಳು ಹೇಳಬಹುದಿತ್ತು. ಮಾಡಿದ್ದಾರೆ ಎಂದೆ. ಇದೇ ಬಗೆಯ ಮಾದರಿಗೆ, ಒಂದಲ್ಲ, ಹಲವು ಪೇಪರ್. ನಾವು ಬಿಟ್ಟ ಮೇಲೆ ಬಂದವೂ ಇವೆ. ನಾವು ಕಳಿಸಿದ್ದರೆ ಅವುಗಳ ಜೊತೆಗೆ ನಮ್ಮದೂ ಇರುತ್ತಿತ್ತು.

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ —

"ಅಂಗಾದ್ರೆ ಸರಿಯಾಗೇ ಇತ್ತು ಅನ್ನು."

"ಸರಿಯಾಗೇ ಇತ್ತು, ನಂಜುಂಡಿ."

"ಸರಿ ಬುಡು. ಅಷ್ಟು ಸಾಕು."

ಇಡುವ ಮುಂಚೆ ಇನ್ನೊಂದು ಕೇಳಿದ. ಹಿಗ್ಗುವ ವಿಶ್ವದ ಒಳಗೇ ಒಂದು ಬ್ಲಾಕ್ ಹೋಲ್ ಇಟ್ಟರೆ? ಆಗ ಎರಡು ದಿಗಂತ, ಎರಡು ಉಷ್ಣತೆ. ನಮ್ಮ ಮಾದರಿಯಲ್ಲಿ ಅದನ್ನು ಯಾರಾದರೂ ಮಾಡಿದ್ದಾರೆಯೇ? ನನಗೆ ಕಂಡಂತೆ ಇಲ್ಲ ಎಂದೆ.

ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸೆಪ್ಟೆಂಬರ್ 14, ಭಾನುವಾರ

ವಾಟ್ಸಾಪ್‌ನಲ್ಲಿ ಏಳು ಫೋಟೋ. ಮಗಳ ನೋಟ್‌ಬುಕ್ಕಿನ ಹಾಳೆ, ಅವನ ಅಕ್ಷರ. ಕೈ ಮರೆತಿಲ್ಲ. ಮೂರನೆಯದರಲ್ಲಿ ಒಂದು ಮೈನಸ್ ತಪ್ಪಿತ್ತು, ಹೇಳಿದೆ. ನಗುವ ಚಿತ್ರ ಕಳಿಸಿದ.

ಸೆಪ್ಟೆಂಬರ್ 28, ಭಾನುವಾರ

ದಸರಾ ರಜೆ. ದಿನಾ ಬೆಳಗ್ಗೆ ಆರಕ್ಕೆ ಅವನ ಹಾಳೆ ಬರುತ್ತದೆ, ಸಂಜೆ ನನ್ನದು ಹೋಗುತ್ತದೆ. ಒಳಗಿನ ದಿಗಂತ ಬಿಸಿ, ಹೊರಗಿನದು ತಣ್ಣಗೆ. ಎರಡಕ್ಕೂ ಒಂದೇ ಉಷ್ಣತೆ ಸಾಮಾನ್ಯವಾಗಿ ಬರುವುದಿಲ್ಲ. ಸಮತೋಲನ ಇಲ್ಲದೆಯೇ ಲೆಕ್ಕ ನಡೆಸಬೇಕು.

ಆರಕ್ಕೆ ಮುಂಚೆಯೇ ಎಚ್ಚರವಾಗುತ್ತದೆ. ಫೋನ್ ದಿಂಬಿನ ಕೆಳಗೆ. ಮೂವತ್ತೊಂಬತ್ತು ನನಗೆ. ಹೊಗೆಸೊಪ್ಪು ವಿಂಗಡಿಸುತ್ತ ಅವ್ವ ಇವತ್ತು ಹೇಳಿತು: "ಮಕ ಅರಳೈತೆ ಕಣವ್ವ. ಏನಂತ ಕೇಳಕಿಲ್ಲ. ಉಸಾರು."

ಅಕ್ಟೋಬರ್ 12, ಭಾನುವಾರ

ಅವನ ಮನೆಗೆ. ಫೋನಿನಲ್ಲಿ ತೀರದ ಒಂದು ಸಮೀಕರಣ ಇತ್ತು. ಕಾರಣ ಅದೇ ಎಂದು ಬರೆದಿದ್ದೇನೆ, ಇರಲಿ.

ಹೆಂಡತಿ ಪುಷ್ಪಾ. ಚುರುಕು, ಮೆದು ಮಾತು. ಊಟಕ್ಕೆ ಒತ್ತುಶಾವಿಗೆ, ಕಾಯಿಹಾಲು. ಅವನು ಮಗಳನ್ನು ಟ್ಯೂಷನ್ನಿಗೆ ಬಿಡಲು ಹೋದಾಗ ನಾವಿಬ್ಬರೇ. ನಾನು ಎಲೆ ಎತ್ತಲು ಹೋದೆ, ಬಿಡಲಿಲ್ಲ. ಮದುವೆಯಾಗಿ ಹತ್ತು ವರ್ಷವಂತೆ. ಇವರು ಪೇಪರ್ ಓದುವಾಗ ವಿಜ್ಞಾನದ ಪುಟ ಬಂದರೆ ಮಡಿಸಿ ಇಟ್ಟುಬಿಡುತ್ತಿದ್ದರಂತೆ. ಯಾಕೆಂದು ಈಗ ಗೊತ್ತಾಯಿತಂತೆ. ಈಗ ಹಾಡು ಗುನುಗುತ್ತಾರಂತೆ.

"ನೀವ್ ಬಂದು ಒಳ್ಳೇದಾಯ್ತು ಅಕ್ಕ" ಎಂದಳು. ಎಲೆ ಮಡಿಸುತ್ತ, ನನ್ನ ಮುಖ ನೋಡದೆ: "ನಿಮ್ ಮನ್ಸು ನಂಗೆ ಕಾಣ್ತದೆ. ಇವ್ರಿಗೆ ಕಾಣಲ್ಲ, ಇವ್ರಿಗೆ ಲೆಕ್ಕ ಬಿಟ್ರೆ ಏನೂ ಕಾಣಲ್ಲ. ಲೆಕ್ಕ ಮುಗ್ಸಿ ಅಕ್ಕ. ನಡುಮಧ್ಯ ಮಾತ್ರ ಬಿಡ್ಬೇಡಿ. ಇನ್ನೊಂದ್ಸಲ ಅವ್ರು ತಡ್ಯಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಮುಗಿಸುತ್ತೇನೆ ಎಂದೆ. ಮುಗಿದ ಮೇಲೆ ಏನು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಮೇಲೆ ನಾನು ದೂರ ಸರಿಯಬೇಕೆಂದು ಇಬ್ಬರಿಗೂ ಗೊತ್ತಾಯಿತು.

ಅವನು ಬೈಕಿನಲ್ಲಿ ಬಸ್‌ಸ್ಟಾಪಿಗೆ ಬಿಡುತ್ತೇನೆ ಎಂದ. ನಡೆದೇ ಹೋದೆ.

ನವೆಂಬರ್ 9, ಭಾನುವಾರ

ಮುಗಿಯಿತು. ಎರಡು ದಿಗಂತ ಸೇರಿ ಒಟ್ಟು ಎಂಟ್ರೊಪಿ ಇಳಿಯುವುದಿಲ್ಲ. ಉಷ್ಣತೆ ಬೇರೆ ಬೇರೆ ಇದ್ದರೂ. ಇಪ್ಪತ್ತೆರಡು ಪುಟ.

ಕೊನೆಯ ಸಾಲನ್ನು ಬೇಕೆಂದೇ ಎರಡು ವಾರ ಎಳೆದೆ. ಗೊತ್ತಿದ್ದೂ ಗೊತ್ತಿಲ್ಲವೆಂದೆ. ಶುಕ್ರವಾರ ಅವನೇ ಮಾಡಿ ಕಳಿಸಿದ.

ನವೆಂಬರ್ 16, ಭಾನುವಾರ

ಪೇಪರಿನಲ್ಲಿ ಯಾರ ಹೆಸರು ಮೊದಲು ಎಂದು ಕೇಳಿದ. ನಿನ್ನದು ಎಂದೆ. ಡಾಕ್ಟರ್ ನೀನಲ್ಲವೇ ಎಂದ. ನಿನ್ನ ಮಾದರಿ, ನಿನ್ನ ಹೆಸರು ಎಂದೆ. ಒಪ್ಪಿದ.

ಹೆಸರಿನ ಕೆಳಗೆ ಸಂಸ್ಥೆ ಬರೆಯಬೇಕು. ಅವನಿಗೆ ಸಂಸ್ಥೆ ಇಲ್ಲ. ಆಫೀಸಿನ ಹೆಸರು ಹಾಕುವ ಹಾಗಿಲ್ಲ. ಬರೀ ಊರು ಹಾಕೋಣವೇ ಎಂದೆ. ಬೀಚನಹಳ್ಳಿ, ಹೆಗ್ಗಡದೇವನಕೋಟೆ ತಾಲ್ಲೂಕು. ಫೋನಿನಲ್ಲಿ ನಕ್ಕ. ನಗು ನಿಂತ ಮೇಲೂ ಇಡಲಿಲ್ಲ. ಆಮೇಲೆ, ಇದನ್ನು ಅಪ್ಪನ ಫೋಟೋ ಮುಂದೆ ಇಡುತ್ತೇನೆ ಎಂದ.

ಸಂಜೆ ನಾಲ್ಕಕ್ಕೆ ಜರ್ನಲ್‌ಗೆ ಕಳಿಸಿದೆವು. ಬಟನ್ ಒತ್ತಿದ್ದು ನಾನು.

ನವೆಂಬರ್ 17

ಆರಕ್ಕೆ ಎಚ್ಚರ. ಏನೂ ಇಲ್ಲ. ಇರುವುದಕ್ಕೆ ಏನಿದೆ.

ನವೆಂಬರ್ 26, ಬುಧವಾರ

ಇವತ್ತು ಅವನ ಮೆಸೇಜ್. ತಿರುಗುವ ಬ್ಲಾಕ್ ಹೋಲ್‌ಗೆ ಇದೇ ಲೆಕ್ಕ ಮಾಡಿದರೆ ಹೇಗೆ, ಶುರು ಮಾಡೋಣವಾ ನೀಲಾ ಎಂದು ಕೇಳಿದ್ದಾನೆ. ಒಳ್ಳೆಯ ಪ್ರಶ್ನೆ. ಮೊದಲ ಸಾಲು ಆಗಲೇ ನನ್ನ ತಲೆಯಲ್ಲಿ ಓಡುತ್ತಿದೆ. ವರ್ಷಗಟ್ಟಲೆ ಹಿಡಿಯುತ್ತದೆ. ವರ್ಷಗಟ್ಟಲೆ ಬೆಳಗ್ಗೆ ಆರು ಗಂಟೆ.

ಮೈಸೂರಿನಲ್ಲಿ ಸಂಶೋಧನೆ ಮಾಡುವ ಒಳ್ಳೆಯ ಹುಡುಗರಿದ್ದಾರೆ, ಅವರ ಪರಿಚಯ ಮಾಡಿಸುತ್ತೇನೆ, ನನಗೆ ಕಾಲೇಜಿನ ಕೆಲಸ ಹೆಚ್ಚಾಗಿದೆ ಎಂದು ಟೈಪ್ ಮಾಡಿದೆ. ಪುಷ್ಪಾ ಮುಖ ನೋಡದೆ ಎಲೆ ಮಡಿಸಿದ್ದು ನೆನಪಾಯಿತು. ಕಳಿಸಿದೆ.

ಓದಿದ. ಎರಡು ನೀಲಿ ಟಿಕ್ ಬಂತು. ಈಗ ಏನೋ ಟೈಪ್ ಮಾಡುತ್ತಿದ್ದಾನೆ. ನಿಲ್ಲಿಸಿದ. ಮತ್ತೆ ಶುರು ಮಾಡಿದ. ಅವನಿಗೆ ಕಳಿಸಲಾಗದ್ದನ್ನು ಇಲ್ಲಿ ಬರೆಯುತ್ತೇನೆ: ನಂಜುಂಡಿ, ನಿಜ ಹೇಳಬೇಕೆಂದರೆ ನನಗೆ ಕೆಲಸವೇನೂ ಹೆಚ್ಚಿಲ್ಲ, ನಾನು —