ಪೆಟ್ಟಿಗೆಯೊಳಗೆ ಒಂದು ಬೆರಳು ಖಾಲಿ ಜಾಗ

ತೇಲ್ಮನೆ ಸಾಲು, ಅಘನಾಶಿನಿ ಅಳಿವೆ
೩೦ ಫೆಬ್ರವರಿ ೨೧೬೩

ನಾಗವೇಣಿ ಅಕ್ಕನಿಗೆ ಬೊಮ್ಮಯ್ಯ ಅಂಬಿಗನ ನಮಸ್ಕಾರ.

ತಾರೀಖು ನೋಡಿ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ. ಫೆಬ್ರವರಿಗೆ ಮೂವತ್ತು ದಿನ ಎಲ್ಲಿಂದ ಬಂತು ಎನ್ನುತ್ತೀರಿ. ಪಾಪದ ತಿಂಗಳು, ಎಷ್ಟು ವರ್ಷ ಅಂತ ಕುಳ್ಳಾಗಿಯೇ ಇರಬೇಕು ಎಂದು ನಮ್ಮ ಕಾಲದವರು ಜುಲೈ, ಆಗಸ್ಟಿನಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಮಾಫಿ ಇರಲಿ. ನಿಮಗೆ ಮೂವತ್ತೊಂದು ವರ್ಷ, ನನಗೆ ಎಪ್ಪತ್ತೆಂಟು. ಆದರೆ ಹುಟ್ಟಿದ ವರ್ಷ ಹಿಡಿದರೆ ನೀವೇ ನನಗಿಂತ ಎಂಬತ್ತೊಂಬತ್ತು ವರ್ಷ ದೊಡ್ಡವರು. ತಂಗಿ ಎನ್ನಲೋ ಅಜ್ಜಿ ಎನ್ನಲೋ ಗೊತ್ತಾಗದೆ ನಡುವೆ ಅಕ್ಕ ಎಂದು ನಿಂತಿದ್ದೇನೆ.

ಇದು ಹಿಂದೋಲೆ. ರಾಗ ಹಿಂದೋಳ ಅಲ್ಲ, ಹಿಂದಿನವರಿಗೆ ಬರೆಯುವ ಓಲೆ. ಅಂಚೆಯವರು ಒಬ್ಬರಿಗೆ ಬದುಕಿನಲ್ಲಿ ಒಂದೇ ಒಂದನ್ನು ಕಳಿಸಲು ಬಿಡುತ್ತಾರೆ. ಅದು ಹೇಗೆ ಹೋಗುತ್ತದೆ ಎಂದು ಅಂಚೆಯಾಕೆಯನ್ನು ಕೇಳಿದೆ. "ನಿಮ್ಮ ತುಂಟಾಟ ಎಲ್ಲಿಂದ ಬತ್ತದೆ ಹೇಳಿ, ಆಮೇಲೆ ಇದನ್ನ ನಾ ಹೇಳ್ತೆ" ಎಂದಳು. ಹೆಚ್ಚಿನವರು ಈ ಓಲೆಯಲ್ಲಿ ಮುತ್ತಜ್ಜನಿಗೆ ಬುದ್ಧಿ ಹೇಳುತ್ತಾರೆ, ಇಲ್ಲವೇ ಯಾವುದೋ ಮದುವೆ ತಪ್ಪಿಸಲು ನೋಡುತ್ತಾರೆ. ನಾನು ಒಂದು ಪೆಟ್ಟಿಗೆಯ ವಿಷಯಕ್ಕೆ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ಬೀರಮ್ಮ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಐವತ್ತು ವರ್ಷ ಸಂಸಾರ ಮಾಡಿದೆ. ನಂಗೆ ಒಂದ್ ಚೀಟಿ ಬರೀಲಿಲ್ಲ. ಈಗ ಒಂದ್ ಪೆಟ್ಟಿಗೆಗೆ ನಾಕು ಪುಟವಾ?"

"ಪೆಟ್ಟಿಗೆಗಲ್ಲ ಮಾರಾಯ್ತಿ, ಪೆಟ್ಟಿಗೆ ಮಾಡಿದವಳಿಗೆ."

"ಮತ್ತೂ ಚಲೋ ಆಯ್ತು!" ಎಂದಳು. ಈಗಲೂ ಮುಖ ಊದಿಸಿಕೊಂಡೇ ಮೀನು ಹೆಚ್ಚುತ್ತಿದ್ದಾಳೆ.

ನೀವು ಹುಬ್ಬಳ್ಳಿಯ ಆ ಸಣ್ಣ ಕಂಪನಿಯಲ್ಲಿ ಕೂತು ಮಾಡುತ್ತಿರುವ ಪೆಟ್ಟಿಗೆ ನೂರ ಮೂವತ್ತಾರು ವರ್ಷ ಕಳೆದರೂ ನಮ್ಮ ಗಜನಿ ಗದ್ದೆಯ, ಅಂದರೆ ಅಳಿವೆಯಂಚಿನ ಉಪ್ಪುನೆಲದ ಗದ್ದೆಯ, ಕಟ್ಟೆಯ ಮೇಲಿದೆ. ಸಮುದ್ರದ ನೀರು ಎಷ್ಟು ಏರಿತು ಎಂದು ನೋಡಿ ಅದು ತೂಬಿನ ಬಾಗಿಲು ಹಾಕುತ್ತದೆ, ಇಳಿದಾಗ ತೆಗೆಯುತ್ತದೆ. ಕಡಲು ನಿಮ್ಮ ಕಾಲದ ಕಡಲಲ್ಲ. ನಮ್ಮ ಮನೆಗಳು ಪೀಪಾಯಿಗಳ ಮೇಲೆ ತೇಲುತ್ತವೆ, ಆದ್ದರಿಂದ ತೇಲ್ಮನೆ. ಉಬ್ಬರ ಬಂದಾಗ ಮೇಲೇರಿ ಪಕ್ಕದ ಮನೆಯವರ ಅಡುಗೆಮನೆಯೊಳಗೆ ಇಣುಕುತ್ತೇವೆ, ಇಳಿತಕ್ಕೆ ಇಳಿದು ಸಭ್ಯರಾಗುತ್ತೇವೆ. ಗಟ್ಟಿ ನೆಲ ಅಂತ ಉಳಿದಿರುವುದು ಆ ಕಟ್ಟೆ, ಅದರೊಳಗಿನ ಗದ್ದೆ, ಗದ್ದೆಯಲ್ಲಿ ಕಗ್ಗ ಭತ್ತ. ಬೆಳೆದ ಕಗ್ಗ ಉಪ್ಪುನೀರಿಗೆ ಹೆದರುವುದಿಲ್ಲ. ಮೊಳಕೆಯಲ್ಲಿ ಮಾತ್ರ ಎಳೆಗೂಸು, ಉಪ್ಪು ಮುಟ್ಟಿದರೆ ಮುಗಿಯಿತು.

ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಿಮ್ಮ ನೋಟ್‌ಬುಕ್ ಸಿಕ್ಕಿತು. ಬೇರೆಯವರ ಬರಹ ಓದಬಾರದು, ಗೊತ್ತು. ಮೂರು ಸಲ ಓದಿದೆ. ಮೊದಲ ಸಲ ನೀವು ಪುಟಗಟ್ಟಲೆ "ಯಾವ ಬಸ್, ಯಾವ ಬಸ್" ಎಂದು ಬರೆದದ್ದು ನೋಡಿ, ಪಾಪ, ಕುಮಟೆಗೆ ಹೋಗಲು ನಿಂತಿದ್ದಾಳೆ ಅಂದುಕೊಂಡೆ. ಆಮೇಲೆ ತಿಳಿಯಿತು, ಬಸ್ ಎಂದರೆ ಮುಖ್ಯ ಬೋರ್ಡಿಗೂ ಅದಕ್ಕೆ ಜೋಡಿಸುವ ಕಾರ್ಡುಗಳಿಗೂ ನಡುವೆ ಮಾತು ಓಡಾಡುವ ದಾರಿ. ಆ ಬೋರ್ಡಿನಲ್ಲಿ ಓಡುವ ಲಿನಕ್ಸ್ ತಂತ್ರಾಂಶ ಇವತ್ತಿಗೂ ಓಡುತ್ತಿದೆ.

ನಿಮ್ಮ ಪುಟದ ನಡುವೆ ಒಂದು ಗೆರೆ ಇದೆ. ಗೆರೆಯ ಆಚೆ ಹೊಸ ಬಗೆ: ಚೂಯಿಂಗ್ ಗಮ್ಮಿನಷ್ಟು ತೆಳು ಕಾರ್ಡು, ಅಂಚಿನಲ್ಲಿ ಚಿನ್ನದ ಗೆರೆಗಳು, ಸೀಳಿಗೆ ತುರುಕಿದರೆ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ, ಓಟವೂ ಜೋರು. ಈಚೆ ಹಳೆ ಬಗೆ: ಅಂಗೈಯಗಲದ ಕಾರ್ಡು, ನೂರ ನಾಲ್ಕು ಪಿನ್ನು, ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಕೂರುತ್ತದೆ. ನಿಧಾನ. ಹೆಸರನ್ನೂ ಹೇಳಿಕೊಳ್ಳುವುದಿಲ್ಲ, ಜಂಪರ್ ಎಂಬ ಸಣ್ಣ ಟೊಪ್ಪಿಗೆ ಕಿತ್ತು ಹಾಕಿ ನಾವೇ ಪ್ರತಿ ಕಾರ್ಡಿಗೆ ಒಂದು ನಂಬರು ಕೊಡಬೇಕು. ಅದರ ಕೆಳಗೆ ನಿಮ್ಮ ಮೇಲಿನವರು, ಹಂಚಿನಾಳ ಸರ್, ಹೇಳಿದ್ದನ್ನು ಬರೆದಿದ್ದೀರಿ: "ಮೂರು ಕಾರ್ಡ್ ಸಾಕಲ್ರೀ, ನಾಕನೇದ್ದಕ್ಕ ಜಾಗಾ ಯಾಕ? ಪೆಟ್ಟಿಗಿ ಒಂದ್ ಬೆರಳು ಗಿಡ್ಡ ಮಾಡ್ರಿ." ಕೊನೆಯ ಸಾಲು: "ನಾಳೆ ಮೂರು ಗಂಟೆಗೆ ತೀರ್ಮಾನ. ಆ ಉಪ್ಪುಗಾಳಿಯಲ್ಲಿ ಯಾವುದು ಉಳಿಯುತ್ತದೋ, ಖಾಲಿ ಜಾಗ ಬೇಕೋ ಬೇಡವೋ, ಯಾರಾದರೂ ಹೇಳಿದ್ದರೆ." ಮುಂದಿನ ಹಾಳೆಗಳು ಖಾಲಿ.

ನಾನು ಹೇಳುತ್ತೇನೆ ಅಕ್ಕ. ಪೆಟ್ಟಿಗೆ ಕಣ್ಣೆದುರಿಗಿದೆ, ನೀವು ಏನು ಆರಿಸಿದಿರಿ ಎಂದು ನಮಗೆ ಗೊತ್ತು, ಮತ್ತೆ ಯಾಕೆ ಬರೆಯುವುದು ಎಂದು ಇಲ್ಲಿಯವರು ನಗುತ್ತಾರೆ. ಈ ಓಲೆ ತಲುಪಿದ್ದರಿಂದಲೇ ನೀವು ಹಾಗೆ ಆರಿಸಿರಬಹುದಲ್ಲ? ನಾನು ಬರೆಯದೆ ಕೂತು, ನಾಳೆ ಎದ್ದಾಗ ಕಟ್ಟೆಯ ಮೇಲೆ ಬೇರೆ ಪೆಟ್ಟಿಗೆ ಇದ್ದರೆ? ಅಷ್ಟು ಧೈರ್ಯ ನನಗಿಲ್ಲ. ಯಾಕೆಂದರೆ ಹೊನ್ನಮ್ಮ ಇದ್ದಾಳೆ.

ಹೊನ್ನಮ್ಮ ಗೌಡ ನಮ್ಮ ತೂಬಿನ ಯಜಮಾನತಿ. ಕಟ್ಟೆಯ ಮೇಲಿನ ಗುಡಿಸಲಿನಲ್ಲಿ ಒಬ್ಬಳೇ ಇರುತ್ತಾಳೆ. ಇಪ್ಪತ್ತು ವರ್ಷದ ಹಿಂದೆ ಅವಳನ್ನು ಬೆಚ್ಚಿಬೀಳಿಸಬೇಕೆಂದು ನಾನು ಒಂದು ಕಾರ್ಡು ಮಾಡಿದೆ. ಅವಳ ಗುಡಿಸಲಿಗೆ ಹೋಗುವ ಹಲಗೆಯ ಮೇಲೆ ಯಾರಾದರೂ ಕಾಲಿಟ್ಟರೆ ಅದು ಕಪ್ಪೆಯ ಹಾಗೆ ಕೂಗುತ್ತದೆ. ಪೆಟ್ಟಿಗೆಯಲ್ಲಿ ಮೇಲುಗಡೆ ಒಂದು ಬೆರಳು ಜಾಗ ಖಾಲಿ ಇತ್ತಲ್ಲ, ಅಲ್ಲಿ ಒತ್ತಿ ಕೂರಿಸಿದೆ. ನಂಬರು ಏನು ಕೊಡುವುದು? ನಾವು ಅಂಬಿಗರು. ದೋಣಿ ಕಟ್ಟುವಾಗ ಪಕ್ಕದ ದೋಣಿಯ ಹಗ್ಗ ಎಷ್ಟು ಸಡಿಲವಿದೆ ನೋಡಿ ನಮ್ಮದನ್ನೂ ಅಷ್ಟೇ ಬಿಡುತ್ತೇವೆ, ಇಲ್ಲದಿದ್ದರೆ ಇಳಿತದಲ್ಲಿ ಒಂದಕ್ಕೊಂದು ಬಡಿಯುತ್ತವೆ. ಅದೇ ಮರ್ಯಾದೆ ಎಂದುಕೊಂಡು ಕೆಳಗಿನ ಕಾರ್ಡಿನ ಜಂಪರ್ ಹೇಗಿತ್ತೋ ಹಾಗೆಯೇ ಕಪ್ಪೆಗೂ ಹಾಕಿದೆ. ಕೆಳಗಿದ್ದದ್ದು ನೀರು ಅಳೆಯುವ ಕಾರ್ಡು.

ಅಮಾವಾಸ್ಯೆಯ ಮಧ್ಯಾಹ್ನ ದೊಡ್ಡ ಉಬ್ಬರ ಬಂತು. ಬೋರ್ಡು "ನೀರೆಷ್ಟು?" ಎಂದು ಕೇಳಿದರೆ ನೀರಿನ ಕಾರ್ಡೂ ಕಪ್ಪೆಯೂ ಒಟ್ಟಿಗೆ ಬಾಯಿ ತೆರೆದವು. ಎರಡೂ ಉತ್ತರ ಕಲಸಿಹೋಗಿ ನೀರು ಮೊಣಕಾಲಿಗೂ ಇಲ್ಲ ಎಂದು ಅದು ತಿಳಿಯಿತು. ಬಾಗಿಲು ತೆರೆದೇ ಉಳಿಯಿತು. ಗದ್ದೆಯಲ್ಲಿ ಐದು ದಿನದ ಮೊಳಕೆ. ಹಿಂದಿನ ವರ್ಷ ಬೆಳೆ ಕೈಕೊಟ್ಟಿದ್ದರಿಂದ ನಮ್ಮ ಹತ್ತಿರ ಇದ್ದ ಕಗ್ಗದ ಬೀಜ ಅಷ್ಟೇ, ಬೇರೆಲ್ಲೂ ಇರಲಿಲ್ಲ.

"ಬೊಮ್ಮಯ್ಯಾ! ಬಾಗಿಲು ಬೀಳ್ತಿಲ್ವೋ!" ಎಂದು ಹೊನ್ನಮ್ಮ ಕೂಗಿದ್ದು ನಮ್ಮ ತೇಲ್ಮನೆಯವರೆಗೂ ಕೇಳಿಸಿತು. ಓಡಿದೆ. ಮುಚ್ಚಳ ತೆಗೆದು ನೋಡಿದರೆ ನೀವು ಅದರ ಒಳಮೈಗೆ ಬಿಳಿ ಬಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೀರಿ, ಯಾವ ಕಾರ್ಡಿಗೆ ಯಾವ ನಂಬರು ಅಂತ. ಕಪ್ಪೆ ಕೂರಿಸುವ ಅವಸರದಲ್ಲಿ ನಾನು ಅತ್ತ ನೋಡಿರಲೇ ಇಲ್ಲ. ಕೊನೆಗೆ: "ಒಂದೇ ನಂಬರು ಇಬ್ಬರಿಗೆ ಕೊಡಬೇಡಿ." ನೂರು ಚಿಲ್ಲರೆ ವರ್ಷದ ಆಚೆಯಿಂದ ಯಾರೋ ತಲೆಗೆ ಮೊಟಕಿದ ಹಾಗಾಯಿತು. ಎರಡು ಕೈಯಲ್ಲಿ ಕಪ್ಪೆಯ ಅಂಚು ಹಿಡಿದು ಎಳೆದೆ. ಸೋಮಾರಿತನಕ್ಕೆ ನಾನು ಮೂಲೆಯ ಸ್ಕ್ರೂ ಹಾಕಿರಲಿಲ್ಲ, ಕಚಕ್ಕೆಂದು ಬಂತು. ಬಾಗಿಲು ದಡ್ಡೆಂದು ಬಿತ್ತು. ಗದ್ದೆಯ ಒಂದು ಮೂಲೆ ಸತ್ತಿತು, ಉಳಿದದ್ದು ಉಳಿಯಿತು.

ನ್ಯಾಯವಾಗಿ ಹೇಳಬೇಕು: ಹೊಸ ಬಗೆಯ ಕಾರ್ಡಾಗಿದ್ದರೆ ಈ ತಪ್ಪೇ ಆಗುತ್ತಿರಲಿಲ್ಲ, ಅದು ತಾನೇ ಪರಿಚಯ ಮಾಡಿಕೊಳ್ಳುತ್ತಿತ್ತು. ಆದರೆ ಅಂಥ ಕಾರ್ಡಿನ ಒಂದು ಪೆಟ್ಟಿಗೆ ಆಚೆ ದಡದ ಕಟ್ಟೆಯಲ್ಲಿತ್ತು. ಚಿನ್ನದ ಗೆರೆಯ ಕೆಳಗೆ ಉಪ್ಪು ನುಗ್ಗಿ ಹನ್ನೊಂದನೇ ವರ್ಷಕ್ಕೆ ಕೆಟ್ಟಿತಂತೆ. ಅಂಥದ್ದನ್ನು ಮಾಡುವವರು ಸಿಗಲಿಲ್ಲ, ಆ ಗದ್ದೆ ಈಗ ಕಡಲು. ನಿಮ್ಮ ಪಿನ್ನು ಕಪ್ಪಾದರೆ ನಮ್ಮ ಚಿನ್ನದ ಕೆಲಸದ ಶೇಟರು ಕನ್ನಡಕ ಏರಿಸಿಕೊಂಡು ತಂತಿ ಎಳೆದು ಹೊಸದನ್ನು ಬೆಸೆದು ಕೊಡುತ್ತಾರೆ. ಹತ್ತು ಉಸಿರಿಗೊಮ್ಮೆ ನೀರು ನೋಡಲು ಓಟ ಯಾಕೆ ಬೇಕು ಅಕ್ಕ? ಕಡಲು ನಡೆದೇ ಬರುತ್ತದೆ.

ಆ ದಿನ ಹೊನ್ನಮ್ಮ ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎರಡು ದಿನ ಬಿಟ್ಟು ಕಪ್ಪೆಯ ಕಾರ್ಡನ್ನು ಒರೆಸಿ ನನ್ನ ಕೈಗಿಟ್ಟಳು. "ಇದಕ್ಕೆ ಬೇರೆ ನಂಬರ್ ಕೊಡು. ಸ್ಕ್ರೂನೂ ಹಾಕು. ಇದು ಕೂಗದೆ ಕಟ್ಟೆ ಬಿಕೋ ಅಂತದೆ."

ಈಗ ಅವಳಿಗೆ ಎಂಬತ್ತೆಂಟು. ಕಣ್ಣು ಪೂರ್ತಿ ಹೋಗಿ ಆರು ವರ್ಷ. ಕಟ್ಟೆ ಬಿಟ್ಟು ಬರುವುದಿಲ್ಲ ಎಂದು ಹಟ. ನಾನು ಕಪ್ಪೆಗೆ ಹೊಸ ಪಾಠ ಹೇಳಿಕೊಟ್ಟೆ. ಹಲಗೆಯ ಮೇಲಿನ ಹೆಜ್ಜೆಯ ಭಾರ ನೋಡಿ ಅದು ಒಬ್ಬೊಬ್ಬರಿಗೆ ಒಂದೊಂದು ರೀತಿ ಕೂಗುತ್ತದೆ. ಬೀರಮ್ಮ ಬಂದರೆ ಎರಡು ಸಣ್ಣ ಕೂಗು. ನೀರು ಕಟ್ಟೆಯಂಚಿಗೆ ಬಂದರೆ ಬಿಡದೆ ಕೂಗುತ್ತದೆ, ಅವಳು ಗೋಡೆ ಹಿಡಿದು ಒಳಗೆ ಸರಿಯುತ್ತಾಳೆ. ನಾನು ಬಂದರೆ ಒಂದು ಉದ್ದನೆಯ, ಮರ್ಯಾದೆ ಇಲ್ಲದ ಕೂಗು. "ಬಂದ್ನಾ ಕಳ್ಳ?" ಎಂದು ಅವಳು ಚಹಾಕ್ಕೆ ನೀರಿಡುತ್ತಾಳೆ. ತಮಾಷೆಗೆ ಮಾಡಿದ್ದು ಅವಳ ಕಣ್ಣಾಯಿತು. ಅದು ಕೂತಿರುವುದು ಹಂಚಿನಾಳ ಸರ್ ಬೇಡ ಎಂದ ಆ ಒಂದು ಬೆರಳು ಜಾಗದಲ್ಲಿ.

ಆದ್ದರಿಂದ ನಾಳೆ ಮೂರು ಗಂಟೆಗೆ ದಪ್ಪ ಪಿನ್ನಿನ ಹಳೆ ಬಗೆಯನ್ನೇ ಹಿಡಿಯಿರಿ. ನಂಬರುಗಳನ್ನು ಮುಚ್ಚಳದ ಒಳಗೆ ಬರೆಯಿರಿ, ಆ ಕೊನೆಯ ಸಾಲನ್ನು ಇನ್ನೂ ದಪ್ಪವಾಗಿ, ನನ್ನಂಥವರು ಹುಟ್ಟುತ್ತಲೇ ಇರುತ್ತಾರೆ. ಪೆಟ್ಟಿಗೆಯ ಎತ್ತರ ಮಾತ್ರ ಕಡಿಮೆ ಮಾಡಬೇಡಿ. ಆ ಜಾಗ ಯಾತಕ್ಕೆ ಎಂದು ಸರ್ ಕೇಳಿಯೇ ಕೇಳುತ್ತಾರೆ. ಮುಂದೆ ಬೇಕಾಗಬಹುದು ಎಂದರೆ ಒಪ್ಪುವುದಿಲ್ಲ, ಆ ಮಾತನ್ನು ಎಲ್ಲರೂ ಹೇಳುತ್ತಾರೆ. ಕತ್ತು ನೆಟ್ಟಗೆ ಮಾಡಿ, ನಗದೆ ಹೇಳಿ: "ಅಲ್ಲಿ ಒಂದು ಕಪ್ಪೆ ಕೂರುತ್ತದೆ ಸರ್."

ಅವರು ಕಪ್ಪೆ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕುತ್ತಾರೆ. ಅಷ್ಟರಲ್ಲಿ ಸಹಿ ಹಾಕಿಸಿಕೊಳ್ಳಿ.

ನಿಮ್ಮ,
ಬೊಮ್ಮಯ್ಯ

ಬೀರಮ್ಮ ಬಂದು ಓದಿದಳು. ಕಣ್ಣೊರೆಸಿಕೊಂಡು, ಈರುಳ್ಳಿ ಎಂದಳು. ಹೆಚ್ಚುತ್ತಿದ್ದದ್ದು ಮೀನು.